ಲಕೋಟೆಯ ಮೇಲಿನ ಠಸ್ಸೆ: ಬ್ರಿಟಿಷ್ ಕಾಲದ ಅಪರೂಪದ ಅಂಚೆಮುದ್ರೆಗಳನ್ನು ಗುರುತಿಸುವ ಬಗೆ

ಹಳೆಯ ಪತ್ರಗಳ ಕಟ್ಟನ್ನು ಹಿಡಿದು ನನ್ನಲ್ಲಿಗೆ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಅಂಚೆಚೀಟಿಯ ಬೆಲೆಯನ್ನು. ಗ್ಲೆನ್ ವೇವರ್ಲಿ ಮತ್ತು ಅದರ ಸುತ್ತಣ ಬಡಾವಣೆಗಳ ಕನ್ನಡ ಮನೆಗಳಲ್ಲಿ ಇಂತಹ ಕಟ್ಟುಗಳು ನಾವು ಊಹಿಸುವುದಕ್ಕಿಂತ ಹೆಚ್ಚಾಗಿವೆ. ಊರಿನ ಮನೆಯನ್ನು ಮಾರುವಾಗ ಅಟ್ಟದ ಮೇಲಿನ ಟ್ರಂಕಿನಿಂದ ತೆಗೆದು, ಬಿಸಾಡಲು ಮನಸ್ಸು ಬಾರದೆ, ವಿಮಾನದಲ್ಲಿ ತಂದವು ಅವು. ಚೀಟಿಯ ಬೆಲೆಗೆ ಉತ್ತರ ಬಹುಪಾಲು ನಿರಾಶೆಯದೇ. ಅರ್ಧ ಆಣೆಯ ಚೀಟಿ ಕೋಟಿಗಟ್ಟಲೆ ಅಚ್ಚಾಗಿದೆ. ಅದರಿಂದ ಯಾರೂ ಶ್ರೀಮಂತರಾಗಿಲ್ಲ. ಆದರೆ ಆ ಚೀಟಿಯ ಮೇಲೂ ಲಕೋಟೆಯ ಹಿಂಬದಿಯಲ್ಲೂ ಅಡ್ಡಾದಿಡ್ಡಿಯಾಗಿ ಬಿದ್ದಿರುವ ಕಪ್ಪು ಠಸ್ಸೆಗಳ ಮಾತು ಬೇರೆ. ಪತ್ರ ಎಲ್ಲಿಂದ, ಎಂದು, ಯಾವ ದಾರಿಯಲ್ಲಿ, ಯಾರ ಆಡಳಿತದ ಕೈದಾಟಿ ಬಂತು ಎಂಬುದಕ್ಕೆ ಎಷ್ಟೋ ವೇಳೆ ಅವೇ ಏಕೈಕ ಸಾಕ್ಷಿ. ಮಕ್ಕಳ ಆಲ್ಬಂಗೆಂದು ಚೀಟಿಯನ್ನು ಕತ್ತರಿಸಿ ನೀರಿನಲ್ಲಿ ನೆನೆಸಿದ ದಿನ ಆ ಸಾಕ್ಷಿಯ ಅರ್ಧ ಭಾಗ ಚೀಟಿಯೊಡನೆ ಹೋಗುತ್ತದೆ, ಉಳಿದರ್ಧ ಕಸದ ಬುಟ್ಟಿಗೆ.

ಆದ್ದರಿಂದ ಕತ್ತರಿಯನ್ನು ಬದಿಗಿಟ್ಟು, ಠಸ್ಸೆಯನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಇಂಗ್ಲಿಷಿನಲ್ಲಿ ಈ ವಿಷಯಕ್ಕೆ ಗ್ರಂಥಗಳ ಕೊರತೆಯಿಲ್ಲ. ಕನ್ನಡ ಪತ್ರಗಳನ್ನು ಇಟ್ಟುಕೊಂಡವರಿಗೆ ಮಾತ್ರ ಒದಗುವ ಒಂದು ಸಾಧನದ ಮಾತು ಆ ಗ್ರಂಥಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಅಂಚೆಮುದ್ರೆಗೆ ಎರಡು ಕೆಲಸಗಳಿವೆ. ಒಂದು, ಪತ್ರವು ಕಚೇರಿಯನ್ನು ತಲುಪಿದ ದಿನ ಮತ್ತು ಸ್ಥಳವನ್ನು ದಾಖಲಿಸುವುದು. ಇನ್ನೊಂದು, ಅಂಚೆಚೀಟಿಯನ್ನು ಮತ್ತೆ ಬಳಸದಂತೆ ಕೆಡಿಸುವುದು. ಮೊದಲನೆಯದು ಚೀಟಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಹೆನ್ರಿ ಬಿಷಪ್ 1661ರಲ್ಲಿ ದಿನಾಂಕದ ಮುದ್ರೆಯನ್ನು ಆರಂಭಿಸಿದ. ಪತ್ರಗಳನ್ನು ಅಂಚೆಯವರು ತಡೆದಿಟ್ಟುಕೊಳ್ಳುತ್ತಾರೆಂಬ ದೂರಿಗೆ ಅದು ಉತ್ತರ. ಚಿಕ್ಕ ವೃತ್ತ, ನಡುವೆ ಒಂದು ಅಡ್ಡಗೆರೆ, ಒಂದು ಅರ್ಧದಲ್ಲಿ ತಿಂಗಳ ಎರಡಕ್ಷರ, ಇನ್ನೊಂದರಲ್ಲಿ ತಾರೀಖು, ವರ್ಷವಿಲ್ಲ. ವರ್ಷಕ್ಕೆ ಪತ್ರದ ಒಳಗನ್ನೇ ನೋಡಬೇಕು. ಅಲ್ಲಿಯೂ ಒಂದು ತೊಡಕಿದೆ: 1752ಕ್ಕೆ ಮೊದಲು ಇಂಗ್ಲೆಂಡಿನ ಕಾನೂನಿನ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು, ಹೆಚ್ಚು ಕಡಮೆ ನಮ್ಮ ಯುಗಾದಿಯ ಹೊತ್ತಿಗೆ. ಆ ಕಾಲದ ಫೆಬ್ರವರಿಯ ಪತ್ರದಲ್ಲಿ ಬರೆದ ವರ್ಷ ಇಂದಿನ ಲೆಕ್ಕಕ್ಕೆ ಒಂದು ಕಡಮೆ ಬರುತ್ತದೆ.

1840ರ ಮೇ ತಿಂಗಳಲ್ಲಿ ಪೆನ್ನಿ ಬ್ಲ್ಯಾಕ್ ಚೀಟಿ ಬಂದಾಗ ಎರಡನೆಯ ಕೆಲಸ ಹುಟ್ಟಿತು. ಮಾಲ್ಟಾ ಶಿಲುಬೆ ಎಂದು ಕರೆಯಲಾಗುವ ಹೂವಿನಾಕಾರದ ಮುದ್ರೆಯನ್ನು ಮೊದಲು ಕೆಂಪು ಶಾಯಿಯಲ್ಲಿ ಒತ್ತಿದರು. ಆ ಕೆಂಪನ್ನು ಅಳಿಸಿ ಚೀಟಿಯನ್ನು ಮತ್ತೆ ಬಳಸುವುದು ಸುಲಭವೆಂದು ಬೇಗನೆ ತಿಳಿಯಿತು. 1841ರಲ್ಲಿ ಶಾಯಿ ಕಪ್ಪಾಯಿತು, ಚೀಟಿ ಕೆಂಗಂದಾಯಿತು. ಈ ಶಿಲುಬೆಯಲ್ಲಿ ಊರಿಲ್ಲ, ದಿನವಿಲ್ಲ. ಅವು ಲಕೋಟೆಯ ಬೆನ್ನಿನ ಮೇಲಿರುತ್ತವೆ. ಅಂಚೆಮುದ್ರೆ ಓದುವವನ ಮೊದಲ ಅಭ್ಯಾಸ ಇದೇ: ಲಕೋಟೆಯನ್ನು ತಿರುಗಿಸಿ ನೋಡುವುದು.

1844ರಿಂದ ಶಿಲುಬೆಯ ಸ್ಥಾನದಲ್ಲಿ ಅಂಕಿಗಳು ಬಂದವು. ಒಂದೊಂದು ಕಚೇರಿಗೆ ಒಂದೊಂದು ಅಂಕಿ. ಅಂಕಿಯ ಸುತ್ತಲಿನ ಪಟ್ಟೆಗಳ ಆಕಾರವೂ ಅರ್ಥವುಳ್ಳದ್ದೇ: ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅಂಡಾಕಾರ, ಸ್ಕಾಟ್ಲೆಂಡಿಗೆ ಆಯತ, ಐರ್ಲೆಂಡಿಗೆ ವಜ್ರಾಕಾರ. ಅಂಕಿ ಒಂದೇ ಆದರೂ ಆಕಾರ ಬೇರೆಯಾದರೆ ಊರು ಬೇರೆ. ಹೀಗಾಗಿ ಅಂಕಿಯನ್ನು ಓದುವ ಮುನ್ನ ಆಕಾರವನ್ನು ಓದಬೇಕು. ಇದೇ ಮಾದರಿ ವಸಾಹತುಗಳಿಗೂ ಹರಡಿತು. ನಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ವಸಾಹತು ಪಟ್ಟೆಗಳ ನಡುವೆ ಅಂಕಿಯನ್ನಿಟ್ಟಿತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ಸೂರ್ಯಕಿರಣಗಳಂತೆ ಹೊರಹೊಮ್ಮುವ ಗೆರೆಗಳ ನಡುವೆ ಇಟ್ಟಿತು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆ ನೋಡಿದವರಿಗೆ ಮತ್ತೆ ಗೊಂದಲವಾಗದು.

ಬ್ರಿಟಿಷ್ ಚೀಟಿಯ ಮೇಲೆ ಅಂಕಿಯ ಹಿಂದೆ ಒಂದು ಇಂಗ್ಲಿಷ್ ಅಕ್ಷರವಿದ್ದರೆ ಕುತೂಹಲ ಹೆಚ್ಚಬೇಕು. ಹೊರನಾಡುಗಳಲ್ಲಿ ಬ್ರಿಟನ್ ನಡೆಸುತ್ತಿದ್ದ ಕಚೇರಿಗಳಿಗೆ ಹೀಗೆ ಅಕ್ಷರಸಹಿತ ಸಂಕೇತಗಳನ್ನು ಕೊಡಲಾಗಿತ್ತು. ಎ 25 ಮಾಲ್ಟಾ, ಎ 26 ಜಿಬ್ರಾಲ್ಟರ್, ಬಿ 01 ಅಲೆಕ್ಸಾಂಡ್ರಿಯಾ, ಬಿ 02 ಸುಯೆಜ್. ಕೊನೆಯ ಎರಡು ಭಾರತದ ಪತ್ರಗಳ ಹೆದ್ದಾರಿಯ ಮೇಲಿದ್ದ ಊರುಗಳು. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮುನ್ನ ಲಂಡನ್ನಿನ ಟಪಾಲು ಹಡಗಿನಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಬಂದು, ಈಜಿಪ್ಟಿನ ನೆಲವನ್ನು ದಾಟಿ, ಸುಯೆಜಿನಲ್ಲಿ ಮತ್ತೆ ಹಡಗನ್ನೇರುತ್ತಿತ್ತು. ಥಾಮಸ್ ವ್ಯಾಗ್‌ಹಾರ್ನ್ ಹಟ ಹಿಡಿದು ರೂಢಿಗೆ ತಂದ ದಾರಿ ಇದು. ಅವನ ಹೆಸರು ಹೊತ್ತ ಮುದ್ರೆಯಿರುವ ಪತ್ರಗಳೂ ಉಳಿದಿವೆ. ಆ ಕಾಲದ ಲಕೋಟೆಯ ಮೂಲೆಯಲ್ಲಿ ‘ಮಾರ್ಸೇಲ್ಸ್ ಮೂಲಕ’ ಅಥವಾ ‘ಸೌತಾಂಪ್ಟನ್ ಮೂಲಕ’ ಎಂದು ಕೈಬರಹದಲ್ಲಿರುತ್ತದೆ. ಮೊದಲನೆಯದು ಬೇಗ, ಆದರೆ ದುಬಾರಿ. ಕಳುಹಿಸಿದವರ ಅವಸರವನ್ನೂ ಕೈಯ ಬಿಗಿಯನ್ನೂ ಆ ಎರಡು ಪದಗಳೇ ಹೇಳಿಬಿಡುತ್ತವೆ. ಅದಕ್ಕೂ ಹಿಂದೆ, ಆಫ್ರಿಕವನ್ನು ಬಳಸಿ ಬರುತ್ತಿದ್ದ ಹಡಗುಗಳ ಕಾಲದಲ್ಲಿ, ಇಂಗ್ಲೆಂಡಿನ ಡೀಲ್, ಪೋರ್ಟ್ಸ್‌ಮತ್ ಮುಂತಾದ ಬಂದರುಗಳಲ್ಲಿ ‘ಇಂಡಿಯಾ ಲೆಟರ್’ ಎಂಬ ಮುದ್ರೆಯನ್ನು ಬಂದರಿನ ಹೆಸರಿನೊಡನೆ ಒತ್ತುತ್ತಿದ್ದರು. ಅದು ಪತ್ರ ಇಂಗ್ಲೆಂಡಿನ ದಡ ಮುಟ್ಟಿದ ಸ್ಥಳ. ಹೊರಟ ಸ್ಥಳವೆಂದು ಅದನ್ನು ಭಾವಿಸಬಾರದು.

ಭಾರತದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಅಂಚೆಚೀಟಿ ಬಂದದ್ದು 1854ರ ಅಕ್ಟೋಬರಿನಲ್ಲಿ. ಇಲ್ಲಿಯೂ ಚೀಟಿ ಕೆಡಿಸುವ ಮುದ್ರೆಗಳಲ್ಲಿ ಅಂಕಿಗಳೇ. ಭಾರತದ ಚೀಟಿ ಇದೆಯೆಂದರೆ ಪತ್ರ ಭಾರತದಲ್ಲೇ ಹುಟ್ಟಿತೆಂದು ಹೇಳುವಂತಿಲ್ಲ. ಸಿಂಗಪುರ, ಪೆನಾಂಗ್, ಮಲಾಕ್ಕಾಗಳಲ್ಲಿ 1867ರವರೆಗೂ, ಏಡನ್ ಮತ್ತು ಬರ್ಮಾಗಳಲ್ಲಿ 1937ರವರೆಗೂ ಭಾರತದ ಚೀಟಿಗಳೇ ನಡೆದವು. ಬಿ 172 ಎಂದಿದ್ದರೆ ಸಿಂಗಪುರ, ಬಿ 147 ಪೆನಾಂಗ್, ಬಿ 156 ರಂಗೂನ್.

ಹೊಸಬರು ಎಡವುವ ಜಾಗ ಇದು. ಮೇಲೆ ಹೇಳಿದ ಬ್ರಿಟಿಷ್ ಸಂಕೇತದಲ್ಲಿ ‘ಬಿ’ ಎಂಬುದು ಹೊರನಾಡಿನ ಕಚೇರಿಗಳ ಸರಣಿಯ ಒಂದು ಅಕ್ಷರ ಮಾತ್ರ. ಭಾರತದ 1850ರ ದಶಕದ ಮುದ್ರೆಗಳಲ್ಲಿ ಅದೇ ‘ಬಿ’ ಬಂಗಾಳ ವೃತ್ತವನ್ನು ಸೂಚಿಸುತ್ತದೆ. 1870ರ ದಶಕದಲ್ಲಿ ಸಂಕೇತಗಳನ್ನು ಹೊಸದಾಗಿ ಹಂಚಿದ ಮೇಲೆ ‘ಬಿ’ ಬೊಂಬಾಯಿಯದಾಯಿತು. ಹಾಗಾಗಿ ಮೊದಲು ಬರಿಯ 124 ಎಂಬ ಅಂಕಿಯಿದ್ದ ಏಡನ್, ಆಮೇಲೆ ಬಿ 22 ಆಯಿತು. ಒಂದೇ ಅಕ್ಷರ, ಮೂರು ಅರ್ಥ. ಚೀಟಿಯಲ್ಲಿ ಯಾವ ದೇಶದ ಹೆಸರಿದೆ, ರಾಣಿಯ ಚಿತ್ರ ಯಾವ ಮಾದರಿಯದು, ಮುದ್ರೆಯ ಚೌಕಟ್ಟು ಹೇಗಿದೆ ಎಂಬುದನ್ನು ನಿಶ್ಚಯಿಸಿಕೊಂಡ ಮೇಲಷ್ಟೇ ಅಕ್ಷರಕ್ಕೂ ಅಂಕಿಗೂ ಬರಬೇಕು. ಜಾಲ್ ಕೂಪರ್ ಅವರು ಆದಿಕಾಲದ ಭಾರತೀಯ ಮುದ್ರೆಗಳ ಮೇಲೆ ಬರೆದ ಗ್ರಂಥ ಈ ವಿಂಗಡಣೆಗೆ ಇಂದಿಗೂ ಒಳ್ಳೆಯ ಆಸರೆ.

ಇನ್ನು ನಮ್ಮ ನಾಡಿಗೆ ಬರೋಣ. 1956ರ ನವೆಂಬರ್ 1ಕ್ಕೆ ಮುನ್ನ ಕನ್ನಡ ಮಾತನಾಡುವ ಊರುಗಳು ಎಷ್ಟು ಆಡಳಿತಗಳಲ್ಲಿ ಹಂಚಿಹೋಗಿದ್ದವು ಎಂಬುದನ್ನು ಪಠ್ಯಪುಸ್ತಕದಲ್ಲಿ ಓದಿ ಮರೆತಿರುತ್ತೇವೆ. ಲಕೋಟೆಗಳು ಅದನ್ನು ಮರೆಯಲು ಬಿಡುವುದಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳು ಬೊಂಬಾಯಿ ಪ್ರಾಂತದವು. ಮಂಗಳೂರು, ಕಾಸರಗೋಡು, ಬಳ್ಳಾರಿ ಮದರಾಸಿನವು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಬೊಂಬಾಯಿಗೆ ವರ್ಗವಾಯಿತು. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮನ ರಾಜ್ಯದವು. ಅವನಿಗೆ ತನ್ನದೇ ಅಂಚೆ, ತನ್ನದೇ ಚೀಟಿ. ಆ ರಾಜ್ಯದೊಳಗೆ ಬ್ರಿಟಿಷ್ ಭಾರತದ ಅಂಚೆಯೂ ಕೆಲಸ ಮಾಡುತ್ತಿದ್ದುದರಿಂದ, ಆ ಕಡೆಯ ಪತ್ರ ಕೈಗೆ ಬಂದರೆ ಮುದ್ರೆ ಯಾರದೆಂದು ನೋಡುವುದೇ ಮೊದಲ ಪರೀಕ್ಷೆ. ಒಂದು ಎಚ್ಚರಿಕೆ: ಅಂಚೆಯ ವೃತ್ತಗಳ ಗಡಿಯೂ ಕಂದಾಯದ ಗಡಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ತೀರ್ಮಾನಿಸಬಾರದು.

ಮೈಸೂರಿನ ಕತೆ ಎಲ್ಲಕ್ಕಿಂತ ಸ್ವಾರಸ್ಯಕರ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದರೆಂದು ಹೇಳಲಾಗುವ ಮೈಸೂರು ಅಂಚೆ, ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯನ್ನೂ ದಾಟಿ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ ನಡೆಯಿತು. ತಿರುವಾಂಕೂರು, ಕೊಚ್ಚಿಗಳಂತೆ ಮೈಸೂರು ತನ್ನದೇ ಚೀಟಿಯನ್ನು ಹೊರಡಿಸಲಿಲ್ಲ. ಹೀಗಾಗಿ ಸಂಗ್ರಾಹಕರ ಆಲ್ಬಂಗಳಲ್ಲಿ ಅದಕ್ಕೆ ಪುಟವೇ ಇಲ್ಲ. ಅದರ ನೆನಪೆಲ್ಲ ಕೈಯಿಂದೊತ್ತಿದ ಮುದ್ರೆಗಳಲ್ಲಿದೆ. ಅವುಗಳಲ್ಲಿ ಕನ್ನಡ ಅಕ್ಷರಗಳುಳ್ಳವೂ ಸೇರಿವೆ. ಮೈಸೂರು ಸೀಮೆಯ 1889ಕ್ಕೆ ಹಿಂದಿನ ಪತ್ರದಲ್ಲಿ ಚೀಟಿಯಿಲ್ಲವೆಂದರೆ ಯಾರೋ ಕಿತ್ತಿರಬೇಕೆಂದು ಊಹಿಸುವ ಅಗತ್ಯವಿಲ್ಲ. ಮಸುಕಾದ ಒಂದು ಅಂಡಾಕಾರ, ಅದರಲ್ಲಿ ಅರ್ಧ ಮೂಡಿದ ಒಂದು ಕನ್ನಡ ಅಕ್ಷರ ಕಂಡರೆ ಆ ಹಾಳೆಯನ್ನು ತುಂಬ ಜೋಪಾನ ಮಾಡಬೇಕು. ಹಳೆಯ ಮೈಸೂರಿನವರು ಇಂದಿಗೂ ‘ಅಂಚೆ’ ಎನ್ನುವುದೂ, ಧಾರವಾಡದ ಕಡೆಯ ಹಿರಿಯರು ‘ಟಪಾಲು’ ಎನ್ನುವುದೂ ಈ ಎರಡು ವ್ಯವಸ್ಥೆಗಳ ನೆರಳೆಂದು ನನಗೆ ತೋರುತ್ತದೆ. ರಾಜ್ಯದ ಅಂಚೆ ಅಳಿಯಿತು, ಅದರ ಹೆಸರು ಅದನ್ನು ನುಂಗಿದ ಇಲಾಖೆಗೇ ಅಂಟಿಕೊಂಡಿತು.

ಊರ ಹೆಸರುಗಳಿಗೂ ಪ್ರತ್ಯೇಕ ಅಭ್ಯಾಸ ಬೇಕು. ಮರ್ಕೆರಾ ಮಡಿಕೇರಿಯೆಂದೂ ಚಿತಲ್‌ದ್ರೂಗ್ ಚಿತ್ರದುರ್ಗವೆಂದೂ ಸೆರಿಂಗಪಟಂ ಶ್ರೀರಂಗಪಟ್ಟಣವೆಂದೂ ಕಿವಿಯೇ ಹೇಳುತ್ತದೆ. ಆದರೆ ‘ಫ್ರೆಂಚ್ ರಾಕ್ಸ್’ ಎಂಬ ಊರು ಮಂಡ್ಯ ಜಿಲ್ಲೆಯದೆಂದು ಎಷ್ಟು ಜನರಿಗೆ ಹೊಳೆದೀತು? ಹೈದರ್ ಮತ್ತು ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಹಿರೋಡೆ ಅದು, ಇಂದಿನ ಪಾಂಡವಪುರ. ‘ಕ್ಲೋಸ್‌ಪೇಟ್’ ಎಂಬುದು ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು ಹೊತ್ತ ರಾಮನಗರ. ಅಂಚೆ ಬಿಟ್ಟುಕೊಟ್ಟ ಆ ಹೆಸರನ್ನು ಭೂವಿಜ್ಞಾನಿಗಳು ಅಲ್ಲಿನ ಗ್ರಾನೈಟ್ ಶಿಲೆಗೆ ಇನ್ನೂ ಉಳಿಸಿಕೊಂಡಿದ್ದಾರೆ. ‘ಫ್ರೇಸರ್‌ಪೇಟ್’ ಕೊಡಗಿನ ಕುಶಾಲನಗರ. ‘ಊರ್‌ಗಾಂ’, ‘ಚಾಂಪಿಯನ್ ರೀಫ್ಸ್’, ‘ಮಾರಿಕುಪ್ಪಂ’ ಎಂಬ ಮುದ್ರೆಗಳು ಕೋಲಾರದ ಚಿನ್ನದ ಗಣಿಗಳವು. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿಗೆ ಕಾಲಿಟ್ಟ ಮೇಲೆ ಕಾರ್ನ್‌ವಾಲಿನ ಗಣಿಗಾರರು ಬಂದರು. ಆದ್ದರಿಂದ ಇಂಗ್ಲೆಂಡಿನ ನೈರುತ್ಯ ಮೂಲೆಯ ಚಿಕ್ಕ ಊರುಗಳ ವಿಳಾಸವಿರುವ ಪತ್ರದ ಮೇಲೆ ಊರ್‌ಗಾಂ ಮುದ್ರೆ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಬೆಂಗಳೂರಿನ ಪತ್ರವಾದರೆ ದಂಡಿನದೋ ಪೇಟೆಯದೋ ನೋಡಿ. ಒಂದು ಬ್ರಿಟಿಷರ ಕೈಯಲ್ಲಿದ್ದದ್ದು, ಇನ್ನೊಂದು ಮಹಾರಾಜರದು, ನಡುವಿನ ದೂರ ಒಂದು ಜಟಕಾದ ಪಯಣವಷ್ಟೆ. ಹೆಸರು ಬದಲಾಗುವುದು ನಮ್ಮ ನಾಡಿಗಷ್ಟೇ ಮೀಸಲಲ್ಲ. ನಾನು ಕುಳಿತು ಬರೆಯುತ್ತಿರುವ ಗ್ಲೆನ್ ವೇವರ್ಲಿಯೇ 1920ರ ದಶಕದ ಆರಂಭದವರೆಗೆ ಬ್ಲ್ಯಾಕ್ ಫ್ಲ್ಯಾಟ್ ಆಗಿತ್ತು. ಆ ಹೆಸರಿನ ಮುದ್ರೆಯಿರುವ ಪತ್ರವೊಂದು ಸಿಕ್ಕರೆ ಇಲ್ಲಿಯ ನೆರೆಹೊರೆಯವರಲ್ಲಿ ಬಹುಮಂದಿಗೆ ಅದು ತಮ್ಮೂರಿನದೆಂದು ತಿಳಿಯಲಾರದು.

ಪೂರ್ಣವಾಗಿ ಮೂಡಿದ ಮುದ್ರೆಯನ್ನು ಯಾರಾದರೂ ಓದಬಹುದು. ಕಷ್ಟವಿರುವುದು ಮೂರು ನಾಲ್ಕು ಅಕ್ಷರಗಳಷ್ಟೇ ಉಳಿದಾಗ. ಇಲ್ಲಿ ಒಂದು ನಿಜವಾದ ಕಾರ್ಡಿನ ಉದಾಹರಣೆ ಕೊಡುತ್ತೇನೆ. ಅದು ನಮ್ಮ ಬಡಾವಣೆಯ ಒಂದು ಕುಟುಂಬದ್ದು. ಕಾಫಿ ತೋಟದಲ್ಲಿ ರೈಟರಾಗಿದ್ದವರೊಬ್ಬರು ಮೈಸೂರಿನಲ್ಲಿದ್ದ ತಮ್ಮ ಅಣ್ಣನಿಗೆ ಬರೆದದ್ದು. ‘ತೀರ್ಥರೂಪ ಸಮಾನರಾದ ಅಣ್ಣಯ್ಯನವರಿಗೆ’ ಎಂದು ಆರಂಭ, ಕ್ಷೇಮ ಸಮಾಚಾರದ ವಾಡಿಕೆಯ ಒಕ್ಕಣೆ ಇಲ್ಲ. ಹೆಣ್ಣು ಕೂಸು ಹುಟ್ಟಿದೆ, ತಾಯಿ ಉಳಿಯಲಿಲ್ಲ, ಕೂಸನ್ನು ಕರೆದೊಯ್ಯಲು ಅತ್ತಿಗೆಯನ್ನು ಕಳುಹಿಸಬೇಕು, ಇಷ್ಟೇ. ಊರಿನ ಹೆಸರಿಲ್ಲ, ಅಣ್ಣನಿಗೆ ಅದು ಗೊತ್ತೇ ಇತ್ತಲ್ಲ. ಆ ಕೂಸು ಬೆಳೆದು, ಈಗ ಇಲ್ಲಿರುವ ಮಹಿಳೆಯೊಬ್ಬರ ಅಜ್ಜಿಯಾದರು. ತನ್ನ ತಾಯಿ ಯಾವ ಊರಿನಲ್ಲಿ ತೀರಿಕೊಂಡಳೆಂದು ಅಜ್ಜಿಗೆ ಕೊನೆಯವರೆಗೂ ತಿಳಿದಿರಲಿಲ್ಲ. ಕುಶಾಲನಗರದ ಹತ್ತಿರವೆಂದು ಒಂದು ಶಾಖೆ, ಸೋಮವಾರಪೇಟೆಯ ಕಡೆಯೆಂದು ಇನ್ನೊಂದು ಶಾಖೆ ಹೇಳುತ್ತ ಬಂದಿದ್ದವು.

ಮುದ್ರೆಯಲ್ಲಿ ಉಳಿದದ್ದು ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರಗಳು: ಆರ್, ಪಿ, ಇ, ಟಿ. ಫ್ರೇಸರ್‌ಪೇಟ್ ಕೂಡ ಹೀಗೇ ಮುಗಿಯುತ್ತದೆ, ಸೋಮ್‌ವಾರ್‌ಪೇಟ್ ಕೂಡ. ಅಕ್ಷರಗಳನ್ನು ಎಣಿಸಿದರೆ ಬಿಡಿಸಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂಬತ್ತೇ ಅಕ್ಷರ! ಆದರೆ ಅಕ್ಷರಗಳ ಅಗಲ ಸಮವಲ್ಲ. ಸೋಮವಾರಪೇಟೆಯಲ್ಲಿ ಎಂ ಮತ್ತು ಡಬ್ಲ್ಯೂ ಎಂಬ ಎರಡು ಅಗಲವಾದ ಅಕ್ಷರಗಳಿವೆ. ವೃತ್ತದ ಮೇಲಂಚಿನಲ್ಲಿ ಹೆಸರನ್ನು ಎಡಬಲ ಸಮನಾಗಿ ಜೋಡಿಸುವುದು ಮುದ್ರೆ ಕೊರೆಯುವವರ ಪದ್ಧತಿ. ಹೆಸರು ಹೆಚ್ಚು ಜಾಗ ತೆಗೆದುಕೊಂಡಷ್ಟೂ ಕೊನೆಯ ಟಿ ಅಕ್ಷರ ಬಲಗಡೆ ಕೆಳಕ್ಕೆ ಜಾರುತ್ತದೆ. ಪಾರದರ್ಶಕ ಹಾಳೆಯ ಮೇಲೆ ವೃತ್ತವನ್ನು ಪೂರ್ತಿ ಎಳೆದು, ಕೇಂದ್ರವನ್ನು ಗುರುತಿಸಿ, ಕೋನಮಾಪಕದಿಂದ ಅಳೆದರೆ ಈ ಜಾರುವಿಕೆ ತಿಳಿಯುತ್ತದೆ. ಈ ಕಾರ್ಡಿನಲ್ಲಿ ಟಿ ಸಾಕಷ್ಟು ಕೆಳಗಿತ್ತು. ಅಷ್ಟಕ್ಕೇ ತೃಪ್ತರಾಗದೆ ಆರ್ ಅಕ್ಷರದ ಹಿಂದಿನ ಮಸಿಯನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆವು. ಅಲ್ಲಿ ಇ ಇದ್ದಿದ್ದರೆ ಎಡಗಡೆ ನೆಟ್ಟಗಿನ ಕಂಬವೊಂದು, ಬುಡದಲ್ಲಿ ಅಡ್ಡಗೆರೆಯೊಂದು ಇರಬೇಕು. ಕಂಡದ್ದು ಬಲಕ್ಕೆ ಇಳಿಯುವ ಓರೆಗಾಲು. ಅದು ಎ. ಊರು ಸೋಮವಾರಪೇಟೆ.

ದಿನಾಂಕಕ್ಕೆ ನಾನು ಮೊದಲು ಹೇಳಿದ, ನಮಗೆ ಮಾತ್ರ ಒದಗುವ ಸಾಧನ ಬೇಕಾಯಿತು. ಮುದ್ರೆಯಲ್ಲಿ ತಿಂಗಳು ಫೆಬ್ರವರಿಯೆಂದು ತಿಳಿಯುತ್ತಿತ್ತು, ತಾರೀಖಿನ ಮೊದಲ ಅಂಕಿ 2, ವರ್ಷ ಶಾಯಿಯ ಮುದ್ದೆ. ಪತ್ರದ ತಲೆಯಲ್ಲಿ ಮಾತ್ರ ‘ರಾಕ್ಷಸ ಸಂ|| ಮಾಘ ಬಹುಳ’ ಎಂದಿತ್ತು. ಸಂವತ್ಸರಗಳು ಅರವತ್ತು; ಒಂದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1867ರ ಯುಗಾದಿಗೆ ಪ್ರಭವ. ಅಲ್ಲಿಂದ ನಲವತ್ತೊಂಬತ್ತನೆಯದಾದ ರಾಕ್ಷಸ ಆರಂಭವಾದದ್ದು 1915ರ ಯುಗಾದಿಗೆ. ಅದರ ಹಿಂದಿನದು 1855ರಲ್ಲಿ, ಮುಂದಿನದು 1975ರಲ್ಲಿ. ಕಾರ್ಡಿನಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರವಿದೆ. ಆತ ಪಟ್ಟದಲ್ಲಿದ್ದದ್ದು 1910ರಿಂದ 1936ರವರೆಗೆ. ಭಾರತದಲ್ಲಿ ಕಾರ್ಡು ಬಂದದ್ದೇ 1879ರಲ್ಲಿ. ಎರಡು ಸಾಧ್ಯತೆಗಳು ಬಿದ್ದುಹೋದವು. ಆದರೂ 1915 ಎಂದು ಬರೆದುಕೊಳ್ಳಬಾರದು. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಮಾಘ, ಫಾಲ್ಗುಣಗಳು ಮುಂದಿನ ಇಂಗ್ಲಿಷ್ ವರ್ಷಕ್ಕೆ ಸೇರುತ್ತವೆ. ಆ ಮಾಘದ ಬಹುಳ ಪಕ್ಷ 1916ರ ಫೆಬ್ರವರಿ 19ರ ಸುಮಾರಿಗೆ ತೊಡಗಿ ಮಾರ್ಚ್ ಮೊದಲ ವಾರದಲ್ಲಿ ಮುಗಿಯಿತು. ಮುದ್ರೆಯ 2 ಎಂಬ ಮೊದಲಂಕಿ ಇದಕ್ಕೆ ಸರಿಯಾಗಿ ಕೂಡಿಕೊಂಡಿತು. ಪಂಚಾಂಗ ಒಂದೇ ಇದ್ದಿದ್ದರೆ ಅರವತ್ತು ವರ್ಷಗಳ ಅನಿಶ್ಚಯ, ಠಸ್ಸೆ ಒಂದೇ ಇದ್ದಿದ್ದರೆ ವರ್ಷವೇ ಇಲ್ಲ. ಅವರ ಮನೆಯ ವಂಶವೃಕ್ಷದಲ್ಲಿ ಅಜ್ಜಿಯ ಹುಟ್ಟು 1918 ಎಂದಿತ್ತು, ಈಗ ತಿದ್ದಿದ್ದಾರೆ. ಆ ತಾಯಿಯ ಹೆಸರಿನ ಮುಂದೆ ಖಾಲಿಯಿದ್ದ ಜಾಗದಲ್ಲಿ ಒಂದು ಊರೂ ಒಂದು ತಿಂಗಳೂ ಬಂದಿವೆ.

ಈ ಉಪಾಯವನ್ನು ಬಳಸುವವರು ಬರೆದವರ ಪ್ರದೇಶವನ್ನು ಗಮನಿಸಬೇಕು. ಹಳೆಯ ಮೈಸೂರು ಮತ್ತು ಬಯಲುಸೀಮೆಯವರು ಚಾಂದ್ರಮಾನದವರು. ಕರಾವಳಿಯ ಮಂಗಳೂರು, ಕಾಸರಗೋಡಿನ ಕಡೆ ಸೌರಮಾನದ ರೂಢಿ ಗಟ್ಟಿ; ಅಲ್ಲಿ ಹೊಸ ವರ್ಷ ಏಪ್ರಿಲ್ ನಡುವಿನ ಬಿಸುವಿಗೆ. ಪತ್ರದಲ್ಲಿ ಸಿಂಹ ಮಾಸ, ಕನ್ಯಾ ಮಾಸ ಎಂದಿದ್ದರೆ ಲೆಕ್ಕದ ದಾರಿಯೇ ಬೇರೆ. ಮುದ್ರೆಗಳಲ್ಲಿ ತಿಂಗಳುಗಳನ್ನು ಎರಡೇ ಅಕ್ಷರಗಳಿಗೆ ಇಳಿಸಿದಾಗ ಜೂನ್ ಮತ್ತು ಜುಲೈಗಳನ್ನು ಬೇರ್ಪಡಿಸುವುದು ಯು ಮತ್ತು ವೈ ಎಂಬ ಒಂದೊಂದು ಅಕ್ಷರ. ಅರೆಬರೆ ಮೂಡಿದ ಮುದ್ರೆಯಲ್ಲಿ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಅಲ್ಲಿಯೂ ಜ್ಯೇಷ್ಠವೋ ಆಷಾಢವೋ ಎಂದು ಒಳಗೆ ಬರೆದಿದ್ದರೆ ನಾವು ಬದುಕಿದೆವು.

ಊರಿನ ಹೆಸರೇ ಇಲ್ಲದ ಮುದ್ರೆಗಳೂ ಇವೆ. ಆರ್.ಎಂ.ಎಸ್. ಎಂದಿದ್ದರೆ ಪತ್ರವನ್ನು ಓಡುವ ರೈಲಿನಲ್ಲೋ ರೈಲು ಅಂಚೆಯ ಕಚೇರಿಯಲ್ಲೋ ವಿಂಗಡಿಸಿದ್ದಾರೆ. ‘ಎಕ್ಸ್‌ಪೆರಿಮೆಂಟಲ್ ಪಿ.ಒ.’ ಎಂದಿದ್ದರೆ ಅದು ಪ್ರಯೋಗಾರ್ಥ ತೆರೆದ ಹಳ್ಳಿಯ ಕಚೇರಿ. ವರಮಾನ ಸಾಲದಿದ್ದರೆ ಮುಚ್ಚಿಬಿಡುತ್ತಿದ್ದರು, ಹೀಗಾಗಿ ಇವು ವಿರಳ. ಡಿ.ಎಲ್.ಒ. ಎಂದರೆ ವಾರಸುದಾರರಿಲ್ಲದ ಪತ್ರಗಳ ಕಚೇರಿ. ‘ಡೆಲಿ’ ಎಂದು ಮೊಟಕಾಗಿದ್ದರೆ ಬಟವಾಡೆಯ ಮುದ್ರೆ, ಜೊತೆಗಿನ ಅಂಕಿ ದಿನದ ಎಷ್ಟನೆಯ ಬಟವಾಡೆ ಎಂಬುದು. ಒಂಟಿ ಟಿ ಅಕ್ಷರ ತೆರಿಗೆಯೆಂಬ ಅರ್ಥದ ಫ್ರೆಂಚ್ ಪದದ್ದು: ಚೀಟಿ ಸಾಲದು, ಉಳಿದದ್ದನ್ನು ಪಡೆಯುವವರಿಂದ ವಸೂಲು ಮಾಡಿ ಎಂದು. ಭಾರತ 1876ರಲ್ಲಿ ಜಾಗತಿಕ ಅಂಚೆ ಒಕ್ಕೂಟವನ್ನು ಸೇರಿದ ಮೇಲೆ ಹೊರದೇಶದ ಪತ್ರಗಳಲ್ಲಿ ಇದು ಕಾಣುತ್ತದೆ. ಊರಲ್ಲಿ ‘ನಾಟ್‌ಪೇಡ್ ಕಾಗದ’ ಬಂದರೆ ಅಶುಭವಾರ್ತೆಯೆಂದು ಹೆದರುತ್ತಿದ್ದ ಅಜ್ಜಿಯರನ್ನು ಬಲ್ಲವರಿಗೆ ಈ ಟಿ ಅಪರಿಚಿತವಲ್ಲ.

ಮೊದಲ ಮಹಾಯುದ್ಧದ ಪತ್ರಗಳಲ್ಲಿ ಸ್ಥಳವನ್ನು ಬೇಕೆಂದೇ ಮರೆಮಾಚಿರುತ್ತಾರೆ. ಎಫ್.ಪಿ.ಒ. ಎಂಬ ಮೂರಕ್ಷರ, ಒಂದು ಅಂಕಿ, ಸೆನ್ಸಾರಿನ ಮುದ್ರೆ, ಅಷ್ಟೆ. ಚೀಟಿಯ ಮೇಲೆ ಐ.ಇ.ಎಫ್. ಎಂದು ಅಚ್ಚಾಗಿದ್ದರೆ ಅದು ಹೊರನಾಡಿನ ಭಾರತೀಯ ಪಡೆಗೆ ಮೀಸಲಾದದ್ದು. ಅವುಗಳಲ್ಲಿ ಎ ಪಡೆ ಫ್ರಾನ್ಸಿಗೆ, ಡಿ ಮೆಸೊಪೊಟೇಮಿಯಕ್ಕೆ, ಇ ಈಜಿಪ್ಟಿಗೆ ಹೋದವು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಹೋದದ್ದು ಈಜಿಪ್ಟಿಗೆ; ಮುಂದೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾವನ್ನು ಹಿಡಿದವರು ಅವರು. ಅದೇ ರಂಗದಲ್ಲಿ ಆಸ್ಟ್ರೇಲಿಯದ ಲೈಟ್ ಹಾರ್ಸ್ ಸವಾರರೂ ಇದ್ದರು. ಮನೆಯಲ್ಲಿ ‘ಮುತ್ತಜ್ಜ ಯುದ್ಧಕ್ಕೆ ಹೋಗಿದ್ದರಂತೆ’ ಎಂಬ ಮಾತಿದ್ದು, ಇಂತಹ ಒಂದು ಲಕೋಟೆ ಉಳಿದಿದ್ದರೆ, ಎಫ್.ಪಿ.ಒ. ಅಂಕಿಯನ್ನು ದಿನಾಂಕದೊಡನೆ ಸೇರಿಸಿಯೇ ಹುಡುಕಬೇಕು. ಪಡೆ ಸಾಗಿದಂತೆ ಅದರ ಕಚೇರಿಯೂ ಸಾಗುತ್ತಿತ್ತು. ಅಂಚೆಯನ್ನೇ ಅಭ್ಯಾಸ ಮಾಡುವ ಇಂಡಿಯಾ ಸ್ಟಡಿ ಸರ್ಕಲ್ 1950ರಿಂದ ಇಂತಹ ಮಾಹಿತಿಯನ್ನು ಕಲೆಹಾಕುತ್ತ ಬಂದಿದೆ.

ಕಡಲ ಮುದ್ರೆಗಳು ಆಸ್ಟ್ರೇಲಿಯದಲ್ಲಿರುವ ನಮಗೆ ಹತ್ತಿರದವು. ‘ಪ್ಯಾಕೆಬೋ’ ಎಂಬ ಫ್ರೆಂಚ್ ಪದದ ಮುದ್ರೆಯಿದ್ದರೆ ಪತ್ರವನ್ನು ಹಡಗಿನ ಮೇಲೆಯೇ ಬರೆದು ಹಾಕಿದ್ದಾರೆ. ನಡುಗಡಲಿನಲ್ಲಿ ಹಡಗು ಯಾವ ದೇಶದ್ದೋ ಆ ದೇಶದ ಚೀಟಿ ಸಲ್ಲುತ್ತದೆ. ಅದನ್ನು ಕೆಡಿಸುವುದು ಮುಂದಿನ ಬಂದರಿನ ಕಚೇರಿ. ಆದ್ದರಿಂದ ಬ್ರಿಟಿಷ್ ಚೀಟಿಯ ಮೇಲೆ ಫ್ರೀಮ್ಯಾಂಟಲ್ ಅಥವಾ ಕೊಲಂಬೊ ಮುದ್ರೆ ಕಂಡರೆ ಅದು ತಪ್ಪೂ ಅಲ್ಲ, ನಕಲಿಯೂ ಅಲ್ಲ. ಬೊಂಬಾಯಿ ಮತ್ತು ಏಡನ್ ನಡುವೆ ಹಡಗಿನಲ್ಲೇ ಟಪಾಲನ್ನು ವಿಂಗಡಿಸುತ್ತಿದ್ದ ‘ಸೀ ಪೋಸ್ಟ್ ಆಫೀಸ್’ ಮುದ್ರೆಗಳು ಮತ್ತೊಂದು ಬಗೆ. 1868ರಲ್ಲಿ ಆರಂಭವಾದ ಆ ಏರ್ಪಾಡು 1914ರ ಯುದ್ಧದೊಡನೆ ನಿಂತಿತು. ಹಡಗು ಯಾವುದೆಂದು ತಿಳಿಯಬೇಕಾದರೆ ಇಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಭಂಡಾರವಿದೆ. ಮೆಲ್ಬರ್ನಿನ ಆರ್ಗಸ್ ಪತ್ರಿಕೆಯ ಹಡಗು ಸಮಾಚಾರದ ಅಂಕಣದಲ್ಲಿ ಯಾವ ದಿನ ಯಾವ ಹಡಗು ಬಂತೆಂದು ಅಚ್ಚಾಗಿರುತ್ತದೆ. ಲಕೋಟೆಯ ಹಿಂದಿನ ಮುದ್ರೆಯ ದಿನವನ್ನು ಅದರೊಡನೆ ಹೋಲಿಸುವುದು ಒಂದು ಸಂಜೆಯ ಕೆಲಸ. ಹಣ ಖರ್ಚಿಲ್ಲ.

ಕೊನೆಗೆ ಪತ್ರಗಳ ಆರೈಕೆಯ ವಿಷಯ. ಲಕೋಟೆಯನ್ನೂ ಒಳಗಿನ ಕಾಗದವನ್ನೂ ಬೇರೆ ಮಾಡಬೇಡಿ. ಅಂಟುಪಟ್ಟಿ, ಲ್ಯಾಮಿನೇಷನ್ ಬೇಡವೇ ಬೇಡ. ಎರಡೂ ಬದಿಗಳನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ. ಚೀಟಿಗಳಿಗಿಂತ ಹಿಂದಿನ ಬ್ರಿಟಿಷ್ ಪತ್ರಗಳಲ್ಲಿ ಕೆಂಪು ಶಾಯಿ ಹಣ ಮುಂಚೆಯೇ ಸಂದಾಯವಾದದ್ದನ್ನೂ ಕಪ್ಪು ಶಾಯಿ ಬಾಕಿಯಿರುವುದನ್ನೂ ಸೂಚಿಸುವುದು ವಾಡಿಕೆ, ಕಪ್ಪುಬಿಳುಪಿನ ಪ್ರತಿಯಲ್ಲಿ ಆ ಭೇದ ಹೋಗಿಬಿಡುತ್ತದೆ. ಮುದ್ರೆ ಮಸುಕಾಗಿದ್ದರೆ ದೀಪವನ್ನು ಬದಿಯಿಂದ ಓರೆಯಾಗಿ ಬೀಳಿಸಿ. ಶಾಯಿ ಹೋದರೂ ಲೋಹದ ಮುದ್ರೆ ಒತ್ತಿದ ಗುಳಿ ಕೆಲವೊಮ್ಮೆ ಕಾಗದದಲ್ಲಿ ಉಳಿದಿರುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆಬೇರೆಯಾಗಿ ನೋಡಿದರೆ ಚೀಟಿಯ ಬಣ್ಣ ಹಿಂದೆ ಸರಿದು ಠಸ್ಸೆ ಮುಂದೆ ಬರುತ್ತದೆ. ಕೆಂಪು ಚೀಟಿಗೆ ಕೆಂಪು ಪದರ, ನೀಲಿ ಚೀಟಿಗೆ ನೀಲಿ ಪದರ. ಗುರುತಿಸಿದ್ದನ್ನು ಲಕೋಟೆಯ ಮೇಲೆ ಬರೆಯದೆ ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಯಾವ ಅಕ್ಷರ ಕಣ್ಣಿಗೆ ಕಂಡದ್ದು, ಯಾವುದು ಊಹೆಯಿಂದ ತುಂಬಿದ್ದು ಎಂಬುದನ್ನು ಪ್ರತ್ಯೇಕವಾಗಿ ಬರೆದಿಡಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವವರ ಬಳಿ ನಮಗಿಂತ ಒಳ್ಳೆಯ ಸ್ಕ್ಯಾನರ್ ಇದ್ದೀತು.